ಹನ್ನೊಂದರಿಂದ ಮೂರು

ಹನ್ನೊಂದಕ್ಕೆ ಇವರು ಹೋಗುತ್ತಾರೆ,
ಮೂರಕ್ಕೆ ಇನ್ಯಾರೋ ಬರುತ್ತಾರೆ.
ನಡುವಿನ ನಾಲ್ಕು ಗಂಟೆ ಈ ಮನೆ ಯಾರದೂ ಅಲ್ಲ,
ಅಂದರೆ ಜುಲ್ಮೀರಳದು.

ಪೋರ್ತೊ ಊರಿನ ಹೊಕ್ಕುಳಲ್ಲಿ, ದೊಡ್ಡ ಇಗರ್ಜಿಯ ಬೆನ್ನಿಗೆ,
ಮೂರನೇ ಮಹಡಿ, ಐವತ್ತೆಂಟು ಮೆಟ್ಟಿಲು.
ಬೀಗದ ಕೈ ಈಗಿಲ್ಲ, ನಾಲ್ಕು ಅಂಕಿ ಒತ್ತಿದರಾಯಿತು.
ಒಗೆದ ಹೊದಿಕೆಗಳ ಗಂಟು ಹೊತ್ತು
ಮೂವತ್ತನೇ ಮೆಟ್ಟಿಲಲ್ಲಿ ನಿಲ್ಲುತ್ತಾಳೆ.
ಏದುಸಿರಿಗಲ್ಲ, ಅನ್ನುತ್ತಾಳೆ, ಅಭ್ಯಾಸಕ್ಕೆ.

ಬಂದವರು ಊರು ನೋಡುವುದು ಕಾಲಿನಿಂದ,
ಇವಳು ನೋಡುವುದು ಅವರ ಕಸದಿಂದ.
ಬಚ್ಚಲ ಜಾಲರಿಯಲ್ಲಿ ಮರಳಿದ್ದರೆ
ಫೋಜ್ ಕಡೆ ಹೋಗಿದ್ದರು, ನದಿ ಸಮುದ್ರಕ್ಕೆ ಸೋಲುವಲ್ಲಿಗೆ.
ಕಾಲುಚೀಲದಲ್ಲಿ ಸುತ್ತಿಟ್ಟು ಮರೆತ ನೀಲಿ ಹೆಂಚಿನ ಚೂರು
ಮಿರಾಗಾಯದ ಯಾವುದೋ ಗೋಡೆಯಿಂದ ಕಿತ್ತದ್ದು, ಕಳ್ಳಮಕ್ಕಳು.
ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾಳೆ.
ಅಂಥವು ಏಳಾಗಿವೆ, ಯಾವೆರಡೂ ಒಂದಕ್ಕೊಂದು ಕೂಡುವುದಿಲ್ಲ.
ಒಂದು ದಿಂಬು ಹಾಸಿಗೆಯಲ್ಲಿ, ಇನ್ನೊಂದು ಸೋಫಾದಲ್ಲಿದ್ದರೆ
ಕಬ್ಬಿಣದ ಸೇತುವೆಯ ಮೇಲೆ ನಿಂತು ಜಗಳವಾಡಿರಬೇಕು;
ಆ ಸೇತುವೆಯೇ ಹಾಗೆ, ಕೆಳಗೆ ಬಗ್ಗಿ ನೋಡಿದವರಿಗೆ
ನುಂಗಿಕೊಂಡಿದ್ದೆಲ್ಲ ಬಾಯಿಗೆ ಬರುತ್ತದೆ.

ಅಡುಗೆಮೂಲೆಯ ಕಲ್ಲಿನ ತೊಟ್ಟಿಯನ್ನು ಯಜಮಾನ ಕೆಡವಲಿಲ್ಲ.
ಜಾಹೀರಾತಿನ ಮೂರನೇ ಫೋಟೋ ಅದೇ,
ಒಳಗೊಂದು ಪ್ಲಾಸ್ಟಿಕ್ ಜರಿಗಿಡ,
ಕೆಳಗೆ ಬರಹ: ಮನೆಯ ಮೂಲ ಸೊತ್ತು.
ಜುಲ್ಮೀರಳ ದೊಡ್ಡಮ್ಮ ಎರ್ಮೆಲಿಂದ ಇಲ್ಲಿ ಬಾಡಿಗೆಗಿದ್ದಳು.
ಆ ತೊಟ್ಟಿಯಲ್ಲಿ ಮೀನು ತೊಳೆದಾದ ಮೇಲೆ
ಇವಳನ್ನು ಕೂರಿಸಿ ತಲೆಗೆ ನೀರು ಹೊಯ್ಯುತ್ತಿದ್ದಳು.
ಮೂಲ ಸೊತ್ತು ನಾನೇ, ಎಂದಳು ಒಮ್ಮೆ
ಧೂಳು ಒರೆಸುತ್ತ, ಗಿಡಕ್ಕೆ.

ಕಳೆದ ವಾರ ಒಬ್ಬ ಮುದುಕ, ಒಬ್ಬನೇ, ಆರು ರಾತ್ರಿ.
ನಾಲಗೆಗೆ ಸಿಕ್ಕದ ಪೋಲಿಷ್ ಹೆಸರು.
ಲೋಟ ತೊಳೆದು ಬೋರಲಿಟ್ಟಿದ್ದ,
ಹಾಸಿಗೆಯನ್ನು ತಾನೇ ನೀಟಾಗಿ ಹಾಸಿದ್ದ
(ಅದೂ ತಾಪತ್ರಯವೇ, ಮತ್ತೆ ಬಿಚ್ಚಬೇಕಲ್ಲ).
ಮೇಜಿನ ಮೇಲೆ ನಕ್ಷೆ,
ಪ್ರವಾಸಿಗಳಿಗೆ ಬಿಟ್ಟಿ ಹಂಚುವಂಥದು,
ಪೂರ್ವಕ್ಕೆ ಕಂಪಾಞ ರೈಲು ನಿಲ್ದಾಣಕ್ಕೇ
ಊರು ಮುಗಿದುಹೋಗುವಂಥದು.
ಆಚೆ ಬರೀ ಔಷಧಿ ಅಂಗಡಿಗಳ ಫೋನು ನಂಬರು.

ಆ ನಂಬರುಗಳ ಮೇಲೆಯೇ
ಮುದುಕ ಪೆನ್ಸಿಲಿನಲ್ಲಿ ಬೀದಿ ಎಳೆದಿದ್ದ:
ಹಳಿಯಡಿಯ ಸುರಂಗ, ಎಡಕ್ಕೊಂದು ತಿರುವು,
ಕೋಸಿನ ಮಡಿಗಳು, ಒಂದು ಕೊಳಾಯಿ,
ನಾಯಿ ಇದೆ ಎನ್ನುವುದಕ್ಕೆ ಒಂದು ನಾಯಿ,
ಆಮೇಲೆ ಸರಕಾರ ಕಟ್ಟಿದ ಐದಂತಸ್ತಿನ ಮೂರು ಪೆಟ್ಟಿಗೆ.
ಮೂರನೆಯದರ ಬುಡದಲ್ಲಿ ಒಂದು ಬಟ್ಟಲು,
ಬಟ್ಟಲಿನಿಂದ ಎದ್ದ ಹಬೆ.

ಜುಲ್ಮೀರ ಕುರ್ಚಿ ಎಳೆದುಕೊಂಡಳು.
ಎಂಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.
ಬಟ್ಟಲು ಅದೆಲೈಡಳ ಹೋಟೆಲಿನದು, ಗುರುವಾರದ ಸಾರು.
ಅದರ ನೆತ್ತಿಯ ಮೇಲಿನ ನಾಲ್ಕನೇ ಕಿಟಕಿ ಇವಳದು.
ದೊಡ್ಡಮ್ಮ ಸತ್ತು, ಬಾಡಿಗೆ ಮೂರು ಪಟ್ಟಾಗಿ,
ಇಡೀ ಓಣಿ ಒಬ್ಬೊಬ್ಬರಾಗಿ ಜಾರಿ
ತಂಗಿದ್ದು ಅಲ್ಲಿ.

ಹಾಗಾದರೆ ಮೊನ್ನೆ ಗುರುವಾರ.
ಮೊನ್ನೆ ಕಿಟಕಿಗೆ ಏನು ಒಣಹಾಕಿದ್ದೆ?
ಅಯ್ಯೋ, ಇದೇ ಮನೆಯ ಹೊದಿಕೆ!
ಇಲ್ಲಿಯ ವಾಷಿಂಗ್ ಮಷೀನು ಕೆಟ್ಟು
ಗಂಟು ಕಟ್ಟಿ ಬಸ್ಸಿನಲ್ಲಿ ಒಯ್ದಿದ್ದೆ.
ತಾನು ಹೊದ್ದು ಮಲಗಿದ್ದರ ನೆರಳಲ್ಲಿ ಕೂತು
ಸಾರು ಕುಡಿದು ಎದ್ದುಹೋಗಿದ್ದಾನೆ ಪುಣ್ಯಾತ್ಮ.

ಎರಡೂ ಮುಕ್ಕಾಲು.
ಹೊಸ ಸೋಪು, ಹೊಸ ಟವೆಲು.
ಟವೆಲನ್ನು ಹಂಸದ ಹಾಗೆ ಮಡಚಬೇಕಂತೆ, ಮಡಚುವುದಿಲ್ಲ.
ನಕ್ಷೆಯನ್ನು ಕಸಕ್ಕೆ ಹಾಕಲಿಲ್ಲ, ಜೇಬಿಗೂ ಹಾಕಲಿಲ್ಲ.
ಮುಂದಿನವರ ಡ್ರಾಯರಿಗೆ ಸೇರಿಸುವ ಮುಂಚೆ
ಸಣ್ಣ ತಿದ್ದುಪಡಿ:
ಕೊಳಾಯಿ ಇರುವುದು ರಸ್ತೆಯ ಬಲಕ್ಕೆ.
ನಾಯಿಯ ಪಕ್ಕ ಅದರ ಹೆಸರು ಬರೆದಳು, ಬೊಲಾಶ.

ಕೆಳಗೆ ಸೂಟ್‌ಕೇಸಿನ ಗಾಲಿ
ಮೆಟ್ಟಿಲಿಗೆ ಬಡಿಯುತ್ತ, ಬಡಿಯುತ್ತ ಬಂದು
ಮೂವತ್ತಕ್ಕೆ ನಿಂತಿತು.